ಬ್ಯೂರೆಟ್ ತೋರಿಸಿದ್ದನ್ನೇ ಬರೆ

ಪ್ರಶ್ನೆ: ಹತ್ತನೆಯವರೆಗೆ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಈಗ ಹನ್ನೊಂದನೇ ಸೈನ್ಸ್‌ಗೆ ಸೇರಿದ್ದೇನೆ. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಟೈಟ್ರೇಶನ್ ಮಾಡಿದರೆ ನನ್ನ ರೀಡಿಂಗ್ ತಾಳೆಯಾಗುವುದಿಲ್ಲ. ಮೊದಲು 10.4, ಆಮೇಲೆ 9.9, ಮತ್ತೆ 10.1 ಬಂತು. ಪಕ್ಕದ ಟೇಬಲ್ಲಿನವರು ಮೂರೂ ಕಡೆ 10.0 ಎಂದು ಬರೆದು ಜರ್ನಲ್‌ಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ನಾನೂ ಹಾಗೇ ಮಾಡಲೇ?
– ವಿದ್ಯಾರ್ಥಿನಿ, ಘಾಟ್ಕೋಪರ್

ಉತ್ತರ: ಖಂಡಿತ ಬೇಡ. ಮೊದಲ 10.4ಕ್ಕೆ ತಲೆ ಕೆಡಿಸಿಕೊಳ್ಳಬೇಡ. ಆಮ್ಲ ಮುಗಿದೊಡನೆ ಸೂಚಕದ (ಫಿನಾಲ್ಫ್ಥಲೀನ್) ಬಣ್ಣ ಎಲ್ಲಿ ತಿರುಗುತ್ತದೆ ಎಂಬ ಅಂದಾಜಿಲ್ಲದೆ ಬಿಟ್ಟಾಗ ಎಲ್ಲರದ್ದೂ ಸ್ವಲ್ಪ ಮುಂದೆ ಹೋಗುತ್ತದೆ. ಅದನ್ನು ಪೈಲಟ್ ರೀಡಿಂಗ್ ಎಂದು ಬರೆದಿಟ್ಟು, ಲೆಕ್ಕಕ್ಕೆ ಹಿಡಿಯಬೇಡ. ಉಳಿದದ್ದು 9.9 ಮತ್ತು 10.1. ವ್ಯತ್ಯಾಸ 0.2 ಮಿ.ಲೀ. ಬ್ಯೂರೆಟ್‌ನಿಂದ (ಕೆಳಗೆ ಕಾಕ್ ಇರುವ ಉದ್ದನೆಯ ಅಳತೆ ನಳಿಗೆ) ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ ಎಲ್ಲೋ ನಾಲ್ಕು ಹನಿ ಹೆಚ್ಚುಕಡಿಮೆಯಾಗಿದೆ. ಆ ನಾಲ್ಕು ಹನಿ ಎಲ್ಲಿ ಹೋದವೆಂದು ಹುಡುಕು.

ಹುಡುಕುವಾಗ ಪ್ರತಿ ತಪ್ಪೂ ರೀಡಿಂಗನ್ನು ಯಾವ ಕಡೆಗೆ ಎಳೆಯುತ್ತದೆ ಎಂದು ಯೋಚಿಸು. ಬ್ಯೂರೆಟ್ಟನ್ನು ನೀರಲ್ಲಿ ತೊಳೆದು ಹಾಗೇ ದ್ರಾವಣ ತುಂಬಿದರೆ, ಗೋಡೆಗೆ ಅಂಟಿದ ನೀರು ಸೇರಿ ದ್ರಾವಣ ತೆಳುವಾಗುತ್ತದೆ, ರೀಡಿಂಗ್ ಏರುತ್ತದೆ. ಹಾಗಾಗಿ ತುಂಬುವ ದ್ರಾವಣದಿಂದಲೇ ಒಮ್ಮೆ ತೊಳೆಯಬೇಕು. ಕೋನಿಕಲ್ ಫ್ಲಾಸ್ಕ್‌ಗೆ ಮಾತ್ರ ಇದರ ತದ್ವಿರುದ್ಧ: ಆಮ್ಲದಿಂದ ತೊಳೆದರೆ ಪಿಪೆಟ್‌ನಲ್ಲಿ ಅಳೆದದ್ದಕ್ಕಿಂತ ಹೆಚ್ಚು ಆಮ್ಲ ಒಳಗೆ ಉಳಿದು ರೀಡಿಂಗ್ ಏರುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಸಾಕು, ಒಳಗೆ ಒದ್ದೆ ಇದ್ದರೂ ತೊಂದರೆಯಿಲ್ಲ. ಕಾಕ್‌ನ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ಅದು ನಡುವೆ ಹೊರಬಿದ್ದರೂ ರೀಡಿಂಗ್ ಏರುತ್ತದೆ. ತುಂಬಿದ ಮೇಲೆ ಫನಲ್ ತೆಗೆಯಲು ಮರೆತರೆ ಅದರಿಂದ ಹನಿ ಜಾರಿ ಒಳಗೆ ಬಿದ್ದು ರೀಡಿಂಗ್ ಇಳಿಯುತ್ತದೆ. ಪಿಪೆಟ್ ಪೂರ್ತಿ ಖಾಲಿಯಾಗುವ ಮೊದಲೇ ಎತ್ತಿಬಿಟ್ಟರೂ ಇಳಿಯುತ್ತದೆ. ಹಾಗೆಂದು ತುದಿಯಲ್ಲಿ ನಿಂತ ಕೊನೆಯ ಹನಿಯನ್ನು ಊದಿ ಹಾಕಬಾರದು. ಲ್ಯಾಬಿನ ಸಾಮಾನ್ಯ ಪಿಪೆಟ್‌ಗೆ ಆ ಹನಿ ಬಿಟ್ಟೇ ಗುರುತು ಹಾಕಿರುತ್ತಾರೆ.

ಇನ್ನು ಬಣ್ಣ. ಫ್ಲಾಸ್ಕ್‌ನ ಕೆಳಗೆ ಬಿಳಿ ಟೈಲ್ ಇಡು. ನಸುಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು. ಆಮೇಲೆ ಅದು ಮಾಸಿದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಾರಣ. ಮಾಸಿತೆಂದು ಇನ್ನೊಂದು ಹನಿ, ಮತ್ತೊಂದು ಹನಿ ಹಾಕುತ್ತಾ ಹೋಗುವವರು ತುಂಬಾ ಜನ. ನಿನ್ನ 10.1 ಬಂದದ್ದು ಹೀಗೂ ಇರಬಹುದು.

ಮೂರು ಕಡೆ 10.0 ಬರೆದರೆ ಏನಾಗುತ್ತದೆ ಎಂದೂ ನೋಡು. ಸೋಡಿಯಂ ಹೈಡ್ರಾಕ್ಸೈಡ್ ತೂಗಿ ನಿಖರವಾದ ದ್ರಾವಣ ಮಾಡಲು ಬರುವುದಿಲ್ಲ. ಮುಂಬೈಯ ಜುಲೈ ಮಳೆಯಲ್ಲಿ ವಾಚ್ ಗ್ಲಾಸ್ ಮೇಲಿಟ್ಟ ಅದರ ಬಿಳಿ ಗುಳಿಗೆಗಳು ತಕ್ಕಡಿಯ ಅಂಕಿ ನಿಲ್ಲುವುದರೊಳಗೆ ಬೆವರಿ ಹೊಳೆಯಲು ಶುರುಮಾಡುತ್ತವೆ; ನಾವು ತೂಗುವುದರಲ್ಲಿ ಗಾಳಿಯ ತೇವವೂ ಸೇರಿರುತ್ತದೆ. ಆಕ್ಸಾಲಿಕ್ ಆಮ್ಲದ ಹರಳು ಹಾಗಲ್ಲ, ತೂಗಿದಷ್ಟೇ ಇರುತ್ತದೆ. ಅದರ ಆಧಾರದ ಮೇಲೆ ಸೋಡಿಯಂ ಹೈಡ್ರಾಕ್ಸೈಡ್‌ನ ಪ್ರಬಲತೆ ಕಂಡುಹಿಡಿಯುವುದಕ್ಕೇ ಈ ಟೈಟ್ರೇಶನ್. 0.05 ಮೋಲಾರ್ (ದ್ರಾವಣದ ಪ್ರಬಲತೆಯ ಅಳತೆ) ಆಮ್ಲವನ್ನು 10 ಮಿ.ಲೀ. ತೆಗೆದುಕೊಂಡಿದ್ದರೆ 9.9 ರೀಡಿಂಗ್‌ಗೆ ಉತ್ತರ 0.101 ಮೋಲಾರ್, 10.4ಕ್ಕೆ 0.096. ಬಾಟಲಿಯಲ್ಲಿ ಏನಿದೆ ಎಂದು ನಿನ್ನ ಬ್ಯೂರೆಟ್ ಬಿಟ್ಟರೆ ಹೇಳುವವರು ಬೇರೆ ಯಾರೂ ಇಲ್ಲ.

ಆದ್ದರಿಂದ ಎರಡು ಮೂರು ರೀಡಿಂಗ್ ಕೂಡಿಬರುವವರೆಗೆ ಮತ್ತೆ ಮಾಡು. ನಿಮ್ಮ ಸರ್ ಸಿ.ಬಿ.ಆರ್. (ಕಾನ್‌ಸ್ಟಂಟ್ ಬ್ಯೂರೆಟ್ ರೀಡಿಂಗ್) ಎನ್ನುವುದು ಇದನ್ನೇ. ರಫ್ ಹಾಳೆಯಲ್ಲಿ ಬರೆದು ಆಮೇಲೆ ಚೆಂದ ಮಾಡುವ ಅಭ್ಯಾಸ ಬಿಟ್ಟು ನೋಟ್‌ಬುಕ್‌ಗೇ ಪೆನ್ನಲ್ಲಿ ಬರೆ. ತಪ್ಪಾದರೆ ಒಂದೇ ಗೆರೆ ಎಳೆ, ಹಳೆಯ ಅಂಕಿ ಕಾಣುವಂತಿರಲಿ. ಹನ್ನೆರಡನೆಯ ಬೋರ್ಡ್‌ನಲ್ಲಿ ಕೆಮಿಸ್ಟ್ರಿಯ ನೂರರಲ್ಲಿ 30 ಅಂಕ ಪ್ರಾಕ್ಟಿಕಲ್‌ಗೇ ಇದೆ. ವೈವಾದಲ್ಲಿ ಫ್ಲಾಸ್ಕ್ ಯಾಕೆ ಆಮ್ಲದಿಂದ ತೊಳೆಯಲಿಲ್ಲ ಎಂದು ಕೇಳಿದರೆ, ಕೈಯಾರೆ ಮಾಡಿದವಳಿಗೆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ.

ಪ್ರಶ್ನೆ: ಮಗನ ಕಾಲೇಜಿನಲ್ಲಿ ವಾರಕ್ಕೆ ಒಂದೇ ಪ್ರಾಕ್ಟಿಕಲ್, ಒಂದು ಟೇಬಲ್ಲಿಗೆ ನಾಲ್ವರು. ಅವನು ಬರೀ ನೋಡುತ್ತಾ ನಿಲ್ಲುತ್ತಾನಂತೆ. ಆಸಿಡ್, ಕೆಮಿಕಲ್ ತರಿಸಿಕೊಂಡು ಮನೆಯಲ್ಲೇ ಮಾಡುತ್ತೇನೆ ಅಂತಿದ್ದಾನೆ. ತರಿಸಲೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಆಸಿಡ್ ತರಿಸಬೇಡಿ. ಎರಡು ಕೋಣೆಯ ಮನೆಯಲ್ಲಿ ಅದನ್ನಿಡುವ ಜಾಗವೂ ಇಲ್ಲ, ಚೆಲ್ಲಿದರೆ ನೋಡಿಕೊಳ್ಳುವ ವ್ಯವಸ್ಥೆಯೂ ಇಲ್ಲ. ಅವನಿಗೆ ಬೇಕಾದದ್ದು ಕೈ ಪಳಗುವುದು, ಅದಕ್ಕೆ ನೀರೇ ಸಾಕು.

ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಒಂದು, 0.1 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಒಂದು ತನ್ನಿ. ಗಾಳಿಗುಳ್ಳೆ ಉಳಿಯದಂತೆ ನೀರೆಳೆದು, ನೀರಿಗೆ ತಾಗಿದ ಪಿಸ್ಟನ್ ರಬ್ಬರಿನ ಅಂಚಿಗೆ ಕಣ್ಣು ಸರಿಸಮ ಇಟ್ಟು 10 ಮಿ.ಲೀ. ಅಳೆದು ತೂಗಲಿ. ಹತ್ತು ಸಲ ತೂಗಿ ಹತ್ತನ್ನೂ ಬರೆಯಲಿ. ನಮ್ಮ ಊರಿನ 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಅಷ್ಟು ನೀರು ತೂಗುವುದು 10 ಗ್ರಾಂ ಅಲ್ಲ, 9.96 ಗ್ರಾಂ, ಆ ತಕ್ಕಡಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಅದು 9.7 ಅಥವಾ 10.3 ತೋರಿಸಿದರೆ ಕೈಯದೋ, ಸಿರಿಂಜ್‌ನದೋ, ತಕ್ಕಡಿಯದೋ ಎಂದು ಅವನೇ ಪತ್ತೆಹಚ್ಚಲಿ. ಹತ್ತೂ ಒಂದೇ ಕಡೆ ವಾಲಿದರೆ ಬಹುಶಃ ಸಲಕರಣೆಯದು, ಆಚೀಚೆ ಚದುರಿದ್ದರೆ ಕೈಯದು. ಬಣ್ಣ ತಿರುಗುವುದನ್ನು ನೋಡಬೇಕೆಂದರೆ ಅರಿಶಿನದ ನೀರಿಗೆ ಸೋಪಿನ ನೀರು ಹನಿಹನಿಯಾಗಿ ಹಾಕಲಿ. ಆರತಿ ತಟ್ಟೆಯಲ್ಲಿ ಸುಣ್ಣ ಬಿದ್ದಾಗ ಆಗುವ ಕೆಂಪು ಇದೇ.

ಕಾಲೇಜಿನ ವಿಷಯ: ಪ್ರತಿ ವಾರ ಕೆಲಸ ಸರದಿಯಲ್ಲಿ ಹಂಚಿಕೊಡಿ ಎಂದು ಅವನೇ ಮೇಡಂ ಹತ್ತಿರ ಕೇಳಲಿ. ಇದು ಕೇಳಬೇಕಾದ ಮಾತೇ, ನಾಚಿಕೆ ಬೇಡ.

ಪ್ರಶ್ನೆ: ತಮ್ಮ ಹತ್ತನೇ ಪಾಸಾಗಿದ್ದಾನೆ. ಇಂಜಿನಿಯರಿಂಗ್ ಬೇಡ, ಲ್ಯಾಬ್ ಕೆಲಸ ಕಲಿಯಬೇಕು ಅಂತಾನೆ. ದಾರಿ ಇದೆಯೇ?
– ಓದುಗ, ಪುಣೆ

ಉತ್ತರ: ಇದೆ. ಐಟಿಐಯಲ್ಲಿ ಲ್ಯಾಬೊರೇಟರಿ ಅಸಿಸ್ಟೆಂಟ್ (ಕೆಮಿಕಲ್ ಪ್ಲಾಂಟ್) ಎಂಬ ಎರಡು ವರ್ಷದ ಟ್ರೇಡ್ ಇದೆ. ಹತ್ತನೆಯಲ್ಲಿ ವಿಜ್ಞಾನ, ಗಣಿತ ಓದಿರಬೇಕು. ಆಸ್ಪತ್ರೆಯ ರಕ್ತಪರೀಕ್ಷೆಯ ಕಡೆ ಒಲವಿದ್ದರೆ ಹನ್ನೆರಡನೇ ಸೈನ್ಸ್ ಮುಗಿಸಿ ಡಿ.ಎಂ.ಎಲ್.ಟಿ. (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ) ಸೇರಬಹುದು. ಸೇರುವ ಮೊದಲು ಆ ಸಂಸ್ಥೆಗೆ ಹೋಗಿ ಲ್ಯಾಬ್ ತೆರೆಸಿ ನೋಡಿ: ಸಿಂಕ್‌ನಲ್ಲಿ ನೀರು ಬರುತ್ತದೆಯೇ, ತಕ್ಕಡಿ ನಡೆಯುತ್ತದೆಯೇ, ಮೈಕ್ರೋಸ್ಕೋಪ್ ಲೆನ್ಸ್‌ಗೆ ಮಳೆಗಾಲದ ಬೂಸ್ಟು ಹಿಡಿದಿದೆಯೇ. ಬೀಗ ಹಾಕಿ ಧೂಳು ಕೂತ ಲ್ಯಾಬ್ ಕಂಡರೆ ಫೀ ಎಷ್ಟೇ ಕಡಿಮೆಯಿರಲಿ, ಬೇರೆ ಕಡೆ ವಿಚಾರಿಸಿ.