ಮೂತ್ರಕೋಶ ತೆಗೆದ ಮೇಲೆ ಅಲ್ಬುಮಿನ್ ಇಳಿದರೆ ಪೌಷ್ಟಿಕತೆ ಕುಸಿದಿದೆ ಎಂದರ್ಥವೇ?

ತಂದೆಯವರಿಗೆ ಯುರೇಕಸ್ (ಹೊಕ್ಕುಳಿಗೂ ಮೂತ್ರಕೋಶಕ್ಕೂ ನಡುವೆ ಗರ್ಭದಲ್ಲಿದ್ದ ನಾಳದ ಉಳಿಕೆ) ಕ್ಯಾನ್ಸರ್ ಎಂದು ಮೂತ್ರಕೋಶ ತೆಗೆದು ಮೂರು ವಾರವಾಗಿದೆ, ಕರುಳಿನ ತುಣುಕಿನಿಂದ ಮೂತ್ರಕ್ಕೆ ದಾರಿ ಮಾಡಿದ್ದಾರೆ, ರಕ್ತದಲ್ಲಿನ ಪ್ರೋಟೀನ್ ಆದ ಅಲ್ಬುಮಿನ್ 2.8 ಬಂದಿದೆ, ತೂಕ ಇಳಿದಿಲ್ಲ ಆದರೆ ಊಟ ಸೇರುತ್ತಿಲ್ಲ, ಅಲ್ಬುಮಿನ್ ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆಯೇ ಎಂದು ಗದಗಿನಿಂದ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಆಹಾರ ತಜ್ಞೆಯಾಗಿ ಶಸ್ತ್ರಚಿಕಿತ್ಸೆಯಾದವರನ್ನೇ ಹೆಚ್ಚಾಗಿ ನೋಡುವುದರಿಂದ ಉತ್ತರಿಸುತ್ತಿದ್ದೇನೆ.

ಆ ಅಂಕಿಯೊಂದರಿಂದಲೇ ಅವರ ಪೌಷ್ಟಿಕತೆಯನ್ನು ಅಳೆಯಲಾಗದು. ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಉರಿಯೂತದಿಂದ ಅಲ್ಬುಮಿನ್ ರಕ್ತನಾಳಗಳಿಂದ ಹೊರಗೆ ಸೋರುತ್ತದೆ, ಯಕೃತ್ತು ಕೂಡ ಅದನ್ನು ಕಡಿಮೆ ತಯಾರಿಸುತ್ತದೆ. ಹೀಗಾಗಿ ಚೆನ್ನಾಗಿ ಉಣ್ಣುತ್ತಿದ್ದವರಲ್ಲೂ ಒಂದೆರಡು ದಿನದೊಳಗೆ ಅದು ಇಳಿಯುತ್ತದೆ. ಮೂರು ವಾರದ ನಂತರವೂ ಏರದಿದ್ದರೆ ಒಳಗೆ ಸೋಂಕು ಉಳಿದಿದೆಯೇ ಎಂದು ವೈದ್ಯರು ಪರೀಕ್ಷಿಸಬೇಕು. ಬಾಟಲಿ ಏರಿಸಿದರೆ ಅಂಕಿ ಕೆಲವು ದಿನ ಮೇಲೇರಬಹುದೇ ಹೊರತು ಕರಗಿದ ಸ್ನಾಯು ಮರಳುವುದಿಲ್ಲ.

ತೂಕ ಇಳಿಯದಿರುವುದನ್ನೂ ಪೂರ್ತಿ ನಂಬಬೇಡಿ, ಏಕೆಂದರೆ ಕಾಲಿನಲ್ಲಿ ಬಾವು ಇದ್ದರೆ ನೀರಿನ ಭಾರ ಸ್ನಾಯುವಿನ ನಷ್ಟವನ್ನು ಮುಚ್ಚಿಬಿಡುತ್ತದೆ. ಕಣತಲೆ ಗುಳಿಬಿದ್ದಿದೆಯೇ, ಕೊರಳೆಲುಬು ಎದ್ದು ಕಾಣುತ್ತಿದೆಯೇ, ಕುರ್ಚಿಯಿಂದ ಕೈ ಊರದೆ ಏಳಬಲ್ಲರೇ ಎಂದು ನೋಡಿ. ಬಾವು ಇಳಿದ ಮೇಲಿನ ತೂಕವನ್ನು ಆರು ತಿಂಗಳ ಹಿಂದಿನದಕ್ಕೆ ಹೋಲಿಸಿ, ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಗಂಭೀರ.

ಊಟ ಸೇರದಿರುವುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕರುಳಿನ ತುಣುಕು ಮೂತ್ರದಲ್ಲಿನ ಆಮ್ಲೀಯ ಲವಣಗಳನ್ನು ಮತ್ತೆ ರಕ್ತಕ್ಕೆ ಹೀರುವುದರಿಂದ ಕೆಲವರಲ್ಲಿ ರಕ್ತ ಆಮ್ಲೀಯವಾಗಿ, ಸುಸ್ತು, ಓಕರಿಕೆ, ಅರುಚಿ ಕಾಣಿಸಿಕೊಳ್ಳುತ್ತವೆ. ರಕ್ತದ ಬೈಕಾರ್ಬನೇಟ್ (ಆಮ್ಲೀಯತೆ ತಿಳಿಯಲು) ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯಲು) ಪರೀಕ್ಷೆ ಮಾಡಿಸಲು ಕೇಳಿ. ಕಾರಣ ಇದೇ ಆಗಿದ್ದರೆ ವೈದ್ಯರು ಕೊಡುವ ಸೋಡಾ (ಸೋಡಿಯಂ ಬೈಕಾರ್ಬನೇಟ್) ಮಾತ್ರೆಯಿಂದಲೇ ಹಸಿವು ಮರಳಬಹುದು. ಕರುಳಿನ ತುಣುಕನ್ನು ತೆಗೆದಿರುವುದರಿಂದ ವಿಟಮಿನ್ ಬಿ12 ಅನ್ನು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು.

ನಮ್ಮ ಭಾಗದಲ್ಲಿ ಆಪರೇಷನ್ ಆದವರನ್ನು ಪಥ್ಯವೆಂದು ವಾರಗಟ್ಟಲೆ ಗಂಜಿ, ತಿಳಿಸಾರಿನ ಮೇಲೆಯೇ ಇಡುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. 60 ಕಿಲೋ ತೂಕದವರಿಗೆ, ಮೂತ್ರಪಿಂಡ ಸರಿಯಿದ್ದರೆ, ದಿನಕ್ಕೆ 72ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಬಟ್ಟಲು ತೆಳು ಗಂಜಿಯಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. ಸ್ವಲ್ಪ ಸ್ವಲ್ಪವಾಗಿ ಆರು ಸಲ ಕೊಡಿ: ಹಾಲಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ), ಚೆನ್ನಾಗಿ ಬೇಯಿಸಿದ ಹೆಸರುಕಾಳು, ತಿನ್ನುವವರಾದರೆ ಮೊಟ್ಟೆ.

ಯುರೇಕಸ್ ಕ್ಯಾನ್ಸರ್ ಬಹಳ ವಿರಳ. ಸೂಕ್ಷ್ಮದರ್ಶಕದಲ್ಲಿ ಅದು ಬಹುಪಾಲು ದೊಡ್ಡ ಕರುಳಿನ ಕ್ಯಾನ್ಸರನ್ನು ಹೋಲುವುದರಿಂದ, ಕಿಮೋ ಬೇಕಾದರೆ ಆ ಔಷಧಿಗಳನ್ನೇ ಆರಿಸುವುದುಂಟು. ಬಯಾಪ್ಸಿ ಬ್ಲಾಕ್‌ಗಳೊಂದಿಗೆ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕುಗಳು) ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಅಷ್ಟರೊಳಗೆ ಮೂರು ದಿನ ಅವರು ಉಂಡಿದ್ದೆಲ್ಲವನ್ನೂ ಅಳತೆಯೊಂದಿಗೆ ಬರೆದಿಟ್ಟು, ಮುಂದಿನ ಭೇಟಿಗೆ ರಕ್ತದ ವರದಿಯ ಜೊತೆ ಆ ಹಾಳೆಯನ್ನೂ ಒಯ್ಯಿರಿ.