ಕತ್ತರಿಸಿದ ಮೇಲೆ ಲಾನ್ ಹಳದಿಯಾಗುತ್ತದೆ, ಯೂರಿಯಾ ಹಾಕಬೇಕಾ?

ಯೂರಿಯಾ ಸದ್ಯಕ್ಕೆ ಬೇಡ. ಮೈಸೂರಿನ ನಿಮ್ಮ ಮನೆಗೆ ಮಾಲಿ ತಿಂಗಳಿಗೊಮ್ಮೆ ಬಂದು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಹೋಗುತ್ತಾರೆ ಎಂದು ಬರೆದಿದ್ದೀರಿ. ತೊಂದರೆ ಇರುವುದು ಅಲ್ಲೇ.

ಒಮ್ಮೆ ಲಾನಿನ ಅಂಚಿನಲ್ಲಿ ಕೂತು ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಿ. ಹಸಿರು ಮೇಲಷ್ಟೇ ಇರುತ್ತದೆ. ಕೆಳಗೆಲ್ಲ ಬಿಸಿಲು ಕಾಣದೆ ಬಿಳಿಚಿಕೊಂಡ ಕಡ್ಡಿ. ತಿಂಗಳಿಡೀ ಬೆಳೆಯಲು ಬಿಟ್ಟರೆ ಎಲೆ ಇನ್ನೂ ಮೇಲಕ್ಕೆ ಹೋಗುತ್ತದೆ. ಆಮೇಲೆ ಒಂದೇ ಸಲಕ್ಕೆ ಬೋಳಿಸಿದರೆ ಉಳಿಯುವುದು ಆ ಕಡ್ಡಿ ಮಾತ್ರ. ಆಹಾರ ತಯಾರಿಸಲು ಎಲೆಯೇ ಇಲ್ಲ, ಹಾಗಾಗಿ ಹುಲ್ಲು ಕೂಡಿಟ್ಟಿದ್ದನ್ನೆಲ್ಲ ಚಿಗುರಿಗೇ ಖರ್ಚು ಮಾಡುತ್ತದೆ. ಬೇರಿನ ಬೆಳವಣಿಗೆ ನಿಲ್ಲುತ್ತದೆ. ಮಣ್ಣಿಗೆ ಬಿಸಿಲು ಬಿದ್ದು ಪಾರ್ಥೇನಿಯಂ ಮೊಳೆಯುತ್ತದೆ, ಜೇಕು ಹಬ್ಬುತ್ತದೆ.

ಹುಲ್ಲು ಎಷ್ಟೇ ಎತ್ತರ ಇರಲಿ, ಒಂದು ಸಲಕ್ಕೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಒಂದೂವರೆ ಇಂಚಿನ ಲಾನ್ ಬೇಕೆಂದರೆ ಎರಡೂಕಾಲು ಇಂಚು ಆದಾಗಲೇ ಕತ್ತರಿಸಿ. ಮೆಕ್ಸಿಕನ್ ಹುಲ್ಲಿಗೂ ಬರ್ಮುಡಾಕ್ಕೂ ಒಂದರಿಂದ ಎರಡು ಇಂಚು ಸರಿ (ಬರ್ಮುಡಾ ಅಂದರೆ ಗಣೇಶನಿಗೆ ಏರಿಸುವ ನಮ್ಮ ಗರಿಕೆಯ ಜಾತಿಯೇ). ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಅದಕ್ಕಿಂತ ಅರ್ಧ ಇಂಚು ಜಾಸ್ತಿಯೇ ಬಿಡಿ, ಮಣ್ಣಿನ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಕತ್ತರಿಸಬೇಕಾಗಬಹುದು. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಧಾನ, ಅಷ್ಟೊಂದು ಸಲ ಬೇಡ. ಕ್ಯಾಲೆಂಡರ್ ಬದಲು ಸ್ಕೇಲ್ ಇಟ್ಟು ನೋಡುವುದೇ ಒಳ್ಳೆಯದು.

ಇನ್ನೊಂದು ವಿಷಯ, ನಿಮ್ಮ ಮಾಲಿ ತರುವುದು ದಾರ ತಿರುಗುವ ಬ್ರಷ್ ಕಟರ್ರಾ? ರಸ್ತೆ ಬದಿಯ ಕಳೆಗೆ ಅದು ಸರಿ, ಲಾನಿಗೆ ಬೇಡವೇ ಬೇಡ. ಅದು ಹುಲ್ಲನ್ನು ಬಡಿದು ಹರಿಯುತ್ತದೆ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು. ಮೊಂಡಾದ ಮೋವರ್ ಬ್ಲೇಡೂ ಹೀಗೇ ಹರಿಯುತ್ತದೆ. ಕತ್ತರಿಸಿದ ಮಾರನೇ ದಿನ ಒಂದು ಎಲೆ ಕಿತ್ತು ತುದಿ ನೋಡಿ. ನೇರವಾಗಿ ಕತ್ತರಿಸಿದಂತಿದ್ದರೆ ಚಿಂತೆ ಇಲ್ಲ. ನಾರು ನಾರಾಗಿ ಸೀಳಿ ಬೆಳ್ಳಗಾಗಿದ್ದರೆ ಬ್ಲೇಡಿಗೆ ಸಾಣೆ ಹಿಡಿಸಬೇಕು. ಕರೆಂಟ್ ಮೋವರ್ ಆದರೆ ಪ್ಲಗ್ ಕಿತ್ತ ಮೇಲೆಯೇ ಬ್ಲೇಡ್ ಮುಟ್ಟಿ, ಒದ್ದೆ ಹುಲ್ಲಿನ ಮೇಲಂತೂ ಓಡಿಸಲೇಬೇಡಿ.

ಕತ್ತರಿಸಿದ ತುಣುಕು ಸಣ್ಣದಿದ್ದರೆ ಗುಡಿಸದೆ ಅಲ್ಲೇ ಬಿಡಿ. ಬೇಗ ಕೊಳೆಯುತ್ತದೆ, ಅದರಲ್ಲಿರುವ ಸಾರಜನಕ ಮಣ್ಣಿಗೇ ಸೇರುತ್ತದೆ. ದುಡ್ಡು ಕೊಟ್ಟು ತರುವ ಗೊಬ್ಬರ ಅಷ್ಟು ಉಳಿಯಿತು, ಅಲ್ವಾ? ಉದ್ದ ಬೆಳೆಸಿ ಕತ್ತರಿಸಿದ ಗುಡ್ಡೆ ಮಾತ್ರ ತೆಗೆದುಬಿಡಿ, ಕೆಳಗಿನ ಹುಲ್ಲು ಉಸಿರುಗಟ್ಟುತ್ತದೆ.

ಈಗ ಹಳದಿಯಾಗಿರುವುದಕ್ಕೆ ಹದವಾಗಿ ನೀರು ಕೊಡುತ್ತಾ ಸುಮ್ನೆ ಬಿಡಿ. ಎರಡು ಇಂಚು ದಾಟಲಿ, ಆಮೇಲೆ ತುದಿ ಮಾತ್ರ ಕತ್ತರಿಸಿ. ಹೀಗೆ ಕೆಲವು ಸುತ್ತು ಆದ ಮೇಲೂ ಬಣ್ಣ ಬಾರದಿದ್ದರೆ ಆಗ ಗೊಬ್ಬರ ಯೋಚಿಸೋಣ.