ಕೊಳವೆಬಾವಿ, ಕೆರೆಗಳ ಮಾದರಿಗೆ ಬಿಎಫ್‌ಒ ಸರಿಯೋ, ಐಎಸ್‌ಒ 15926 ಸರಿಯೋ?

ಕೋಲಾರದ ಕೆರೆ, ಕೊಳವೆಬಾವಿಗಳ ಆಂಟಾಲಜಿ, ಅಂದರೆ ಯಾವ ವಸ್ತುಗಳಿವೆ, ಅವುಗಳ ಸಂಬಂಧವೇನು ಎಂದು ಕಂಪ್ಯೂಟರಿಗೆ ಹೇಳುವ ಮಾದರಿ, ಅದನ್ನು ಔಲ್ (OWL) ಭಾಷೆಯಲ್ಲಿ ಬರೆಯಲು ಹೊರಟಿದ್ದೀರಿ. ತಳಹದಿಗೆ ಬಿಎಫ್‌ಒ ಎಂಬ ಸಾಮಾನ್ಯ ಆಂಟಾಲಜಿಯೋ, ಐಎಸ್‌ಒ 15926 ಎಂಬ ಕೈಗಾರಿಕಾ ಮಾನದಂಡವೋ ಎಂದು ಸಿಕ್ಕಿಕೊಂಡಿದ್ದೀರಿ. ಇದೇ ಕವಲಿನಲ್ಲಿ ನಾನೂ ನಿಂತಿದ್ದೆ. ಆಯ್ಕೆ ಆಮೇಲಿರಲಿ. ‘ಬಾವಿಗೆ ಒಂದೇ ಪಂಪು’ ಎಂದು ನೀವು ಹಾಕಿರುವ ಫಂಕ್ಷನಲ್ ಪ್ರಾಪರ್ಟಿಯನ್ನು (ಒಂದಕ್ಕೆ ಒಂದನ್ನೇ ಜೋಡಿಸುವ ಸಂಬಂಧ) ಮೊದಲು ತೆಗೆಯಿರಿ. ಅದಿದ್ದರೆ ಯಾವ ಆಂಟಾಲಜಿ ತಂದರೂ ಕೆಡುತ್ತದೆ.

ಮೋಟಾರು ಸುಟ್ಟಾಗ ಪೈಪು ಎತ್ತಿ ಬೇರೆ ಪಂಪು ಇಳಿಸುತ್ತಾರೆ. ಡೇಟಾದಲ್ಲಿ ಅದೇ ಬಾವಿಗೆ ಈಗ ಎರಡು ಪಂಪು. ಮಾದರಿಯಿಂದ ತೀರ್ಮಾನ ತೆಗೆಯುವ ತಂತ್ರಾಂಶ, ಅಂದರೆ ರೀಸನರ್, ತಪ್ಪು ತೋರಿಸುವುದಿಲ್ಲ. ಹೆಸರು ಎರಡಿದ್ದ ಮಾತ್ರಕ್ಕೆ ವಸ್ತುವೂ ಎರಡು ಎಂದು ಔಲ್ ಒಪ್ಪದು. ಹಾಗಾಗಿ ಎರಡೂ ಒಂದೇ ಪಂಪು ಎಂದು ತೀರ್ಮಾನಿಸಿಬಿಡುತ್ತದೆ. ಹಳೆಯದರ 7.5 ಎಚ್‌ಪಿ, ಹೊಸದರ 10 ಎಚ್‌ಪಿ ಒಂದಕ್ಕೇ ಅಂಟುತ್ತವೆ. ಎಚ್‌ಪಿಯೂ ಫಂಕ್ಷನಲ್ ಆಗಿದ್ದರೆ ಇಡೀ ಮಾದರಿ ಅಸಂಗತ ಎಂದು ನಿಲ್ಲುತ್ತದೆ. ನೀವು ಎಚ್‌ಪಿ ತಿದ್ದುತ್ತಾ ಕೂರುತ್ತೀರಿ, ರೋಗ ಇರುವುದು ಬೇರೆ ಕಡೆ. ಹಳೆಯ ಪಂಪಿನ ಸಾಲನ್ನು ಅಳಿಸಿದರೋ, ಹೋದ ವರ್ಷದ ಆಂಪಿಯರ್ ರೀಡಿಂಗೆಲ್ಲ ಹೊಸ ಪಂಪಿನ ಲೆಕ್ಕಕ್ಕೆ ಹೋಗುತ್ತದೆ. ಔಲ್‌ನ ಸಂಬಂಧ ಎರಡನ್ನು ಮಾತ್ರ ಜೋಡಿಸುತ್ತದೆ, ‘ಯಾವಾಗ’ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಬಾವಿಯಲ್ಲಿ ಪಂಪು ಕೂರುವ ಸ್ಥಾನ ಬೇರೆ, ಸೀರಿಯಲ್ ನಂಬರಿನ ಪಂಪು ಬೇರೆ. ಎರಡರ ನಡುವೆ ‘ಅಳವಡಿಕೆ’ ಎಂಬ ಕ್ಲಾಸ್ (ವರ್ಗ) ಇಡಿ: ಯಾವ ಸ್ಥಾನ, ಯಾವ ಪಂಪು, ಇಳಿಸಿದ ದಿನ, ಎತ್ತಿದ ದಿನ. ಒಂದು ಅಳವಡಿಕೆಗೆ ಒಂದೇ ಪಂಪು ಎಂದರೆ ತೊಂದರೆಯಿಲ್ಲ. ಒಂದೇ ಸ್ಥಾನದ ಎರಡು ಅಳವಡಿಕೆಗಳ ದಿನಗಳು ಒಂದರ ಮೇಲೊಂದು ಬೀಳದಂತೆ ಕಾಯುವುದು ಔಲ್‌ನ ಕೆಲಸವಲ್ಲ. ಅದಕ್ಕೆ ಡೇಟಾ ಸರಿಯಿದೆಯೇ ಎಂದು ಪರೀಕ್ಷಿಸುವ ಶ್ಯಾಕಲ್ (SHACL) ಭಾಷೆಯೊಳಗೆ, ಡೇಟಾ ಹುಡುಕುವ ಸ್ಪಾರ್ಕಲ್ (SPARQL) ಭಾಷೆಯ ನಿಯಮ ಬರೆಯಿರಿ.

ನೀರಿನ ಮಟ್ಟವನ್ನೂ ಬಾವಿಗೆ ನೇರ ಕಟ್ಟಬೇಡಿ. ಪ್ರತಿ ಅಳತೆಯೂ, ಅಳತೆಗಳನ್ನು ದಾಖಲಿಸಲೆಂದೇ ಇರುವ ಸೋಸಾ (SOSA) ಆಂಟಾಲಜಿಯ ಒಂದು ಅಬ್ಸರ್ವೇಶನ್ ಆಗಲಿ. ನೀರಿನ ಸ್ಯಾಂಪಲ್ ಹಿಡಿದ ದಿನ, ಲ್ಯಾಬ್ ಫಲಿತಾಂಶ ಬಂದ ದಿನ ಎರಡಕ್ಕೂ ಅದರಲ್ಲಿ ಬೇರೆ ಬೇರೆ ಜಾಗವಿದೆ.

ಕೆರೆಯಂಗಳ ಒಂದು, ಅದರಲ್ಲಿನ ನೀರು ಇನ್ನೊಂದು. ಎರಡನ್ನೂ ಒಂದೇ ಮಾಡಿದರೆ ಬತ್ತಿದ ಕೆರೆ ಮಾದರಿಯಿಂದಲೇ ಮಾಯ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ) ನೀರು ಹರಿದಾಗ ಹೊಸ ಕೆರೆಯೇನೂ ಹುಟ್ಟಲಿಲ್ಲ. ಕೋಡಿ ಹರಿಯುವುದು ಘಟನೆ. ಆರಂಭ, ಅಂತ್ಯ ಅದಕ್ಕೆ ಸೇರಿದವು.

ಇಷ್ಟಾದ ಮೇಲೆ ಬಿಎಫ್‌ಒ ಸಾಕು. ಕೆರೆಯಂಗಳ ಅದರ ಸೈಟ್ (ಸ್ಥಳ), ಕೋಡಿ ಹರಿಯುವುದು ಪ್ರೋಸೆಸ್ (ಪ್ರಕ್ರಿಯೆ) ಎಂದು ತಾನಾಗಿ ಕೂರುತ್ತವೆ. ಐಎಸ್‌ಒ 15926 ತೈಲ, ಅನಿಲ ಸ್ಥಾವರಗಳಿಗೆ ಬೆಳೆದದ್ದು. ಅದರಲ್ಲಿ ಒಂದು ಪಂಪಿನ ಒಂದೊಂದು ಕಾಲಖಂಡವನ್ನೂ ಪ್ರತ್ಯೇಕ ವಸ್ತುವಾಗಿ ಬರೆಯಬೇಕು, ನಿಮಗದು ಹೊರೆ. ಇನ್ನು ಅಂತರ್ಜಲ ಇಳಿಯುವ ಸಮೀಕರಣವನ್ನು ಆಂಟಾಲಜಿಗೆ ತುರುಕಬೇಡಿ, ರೀಸನರ್ ಅದನ್ನು ಬಿಡಿಸದು. ಅದು ಮಾಡೆಲಿಕಾದಂಥ ಸಿಮ್ಯುಲೇಶನ್ ಭಾಷೆಯಲ್ಲಿರಲಿ. ಅಲ್ಲಿನ ಸಮೀಕರಣದ ‘ಎಚ್’ ಯಾವ ಬಾವಿಯ ಮಟ್ಟ, ಮೀಟರೋ ಅಡಿಯೋ ಎಂಬುದನ್ನು ಮಾತ್ರ ಆಂಟಾಲಜಿಯಲ್ಲಿ ಬರೆಯಿರಿ.